ಮಗುವಿನ ದಿನದಲ್ಲಿ ಪರದೆಯ ಪಾಲು

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪರಿಸರದ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮಕ್ಕಳ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯ ಅಧ್ಯಕ್ಷರೇ, ಅಧ್ಯಾಪಕ ಬಂಧುಗಳೇ, ಮಕ್ಕಳ ತಂದೆ-ತಾಯಂದಿರೇ, ಮೊಮ್ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಹಿಂದಿನ ಸಾಲಿನಲ್ಲಿರುವ ಅಜ್ಜ-ಅಜ್ಜಿಯಂದಿರೇ,

ಮೊಬೈಲು, ಟಿವಿಗಳಿಂದ ಮಕ್ಕಳ ಆರೋಗ್ಯಕ್ಕೂ ನಡತೆಗೂ ಏನಾಗುತ್ತದೆ ಎಂದು ಹೇಳಬೇಕೆಂದು ನನ್ನನ್ನು ಕರೆದಿದ್ದೀರಿ. ಈ ಮಾತು ಬಂದಾಗಲೆಲ್ಲ ಹೆತ್ತವರು ಮೊದಲು ಕೇಳುವುದು ‘ದಿನಕ್ಕೆ ಎಷ್ಟು ಹೊತ್ತು ಕೊಡಬಹುದು ಡಾಕ್ಟ್ರೇ?’ ಎಂದು. ಉತ್ತರ ಸಿದ್ಧವಾಗಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಐದು ವರ್ಷದೊಳಗಿನ ಮಕ್ಕಳಿಗಾಗಿ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಎರಡು ವರ್ಷ ತುಂಬುವ ತನಕ ಮಗುವನ್ನು ಪರದೆಯ ಮುಂದೆ ಕೂರಿಸುವುದೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆಯೂ ಹೆಚ್ಚುಕಡಿಮೆ ಇದೇ. ಐದರಿಂದ ಹತ್ತು ವರ್ಷದ ಮಕ್ಕಳಿಗೆ ಅದು ಎರಡು ಗಂಟೆಯೊಳಗಿನ ಮಿತಿಯನ್ನು ಹಾಕಿದೆ.

ಈ ಅಂಕಿಗಳನ್ನು ಬರೆದುಕೊಂಡು ಹೋದ ಮನೆಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಹಳೆಯ ಹಾದಿಗೇ ಮರಳುತ್ತವೆ. ಮಗುವಿನ ಉಳಿದ ಹೊತ್ತು ಏನಾಗುತ್ತಿದೆ ಎಂದು ನೋಡದೆ ಮೊಬೈಲಿನ ಹೊತ್ತನ್ನು ಮಾತ್ರ ಅಳೆದರೆ ಆಗುವುದೇ ಹಾಗೆ. ಮೂರು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಮೀಯಿಸುವುದು, ಉಣ್ಣಿಸುವುದು, ಅಂಗನವಾಡಿ ಎಲ್ಲ ಕಳೆದರೆ ಮನೆಯವರ ಜೊತೆ ಎಚ್ಚರವಾಗಿರಲು ಉಳಿಯುವುದು ನಾಲ್ಕೈದು ಗಂಟೆ. ಅದರಲ್ಲಿ ಎರಡು ಗಂಟೆ ಮೊಬೈಲಿನ ಪಾಲಾದರೆ ಮಾತು ಕಲಿಯುವ, ಬಿದ್ದು ಏಳುವ, ಜಗಳವಾಡಿ ರಾಜಿಯಾಗುವ ಹೊತ್ತಿನಲ್ಲಿ ಹತ್ತಿರಹತ್ತಿರ ಅರ್ಧ ಹೋದಂತೆ. ಪರದೆಯಿಂದಾಗುವ ಕೆಡುಕಿನ ಬಹುಪಾಲು ಅದು ಕಸಿದುಕೊಳ್ಳುವ ಈ ಹೊತ್ತಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಕಸಿದುಕೊಳ್ಳುವುದು ಎಲ್ಲ ವಯಸ್ಸಿನಲ್ಲೂ ಒಂದನ್ನೇ ಅಲ್ಲ: ಎಳೆಯ ಮಗುವಿನಿಂದ ಮಾತನ್ನು, ಶಾಲೆಗೆ ಹೋಗುವ ಮಗುವಿನಿಂದ ಬಿಸಿಲನ್ನೂ ನಿದ್ದೆಯನ್ನೂ, ಹದಿಹರೆಯದವರಿಂದ ಮತ್ತೆ ನಿದ್ದೆಯನ್ನು. ಆ ಕ್ರಮದಲ್ಲಿಯೇ ಮಾತನಾಡುತ್ತೇನೆ. ಮೊದಲ ಮೂರು ವರ್ಷಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುವವನಿದ್ದೇನೆ, ಏಕೆಂದರೆ ಅಲ್ಲಿ ಕಳೆದದ್ದನ್ನು ತುಂಬಿಕೊಳ್ಳುವುದು ಕಷ್ಟ.

ಈಚಿನ ವರ್ಷಗಳಲ್ಲಿ ನಾನು ಮತ್ತೆ ಮತ್ತೆ ನೋಡುತ್ತಿರುವ ಒಂದು ಬಗೆಯ ಮಕ್ಕಳಿದ್ದಾರೆ. ಎರಡೂವರೆ ವರ್ಷ ವಯಸ್ಸು. ಗೋಡೆಯ ಚಿತ್ರಪಟ ತೋರಿಸಿದರೆ ‘ರೆಡ್’, ‘ಯೆಲ್ಲೊ’, ‘ಟ್ರಯಾಂಗಲ್’ ಎನ್ನುತ್ತಾರೆ, ಇಂಗ್ಲಿಷ್ ಅಕ್ಷರಮಾಲೆಯನ್ನು ರಾಗವಾಗಿ ಒಪ್ಪಿಸುತ್ತಾರೆ. ಮನೆಯವರಿಗೆ ಅದೊಂದು ಹೆಮ್ಮೆ. ಆದರೆ ಬಾಯಾರಿದಾಗ ಆ ಮಗು ‘ನೀರು’ ಎನ್ನುವುದಿಲ್ಲ. ಅಮ್ಮನ ಮಣಿಕಟ್ಟು ಹಿಡಿದು ಚೀಲದಲ್ಲಿರುವ ಬಾಟಲಿಯ ಕಡೆಗೆ ಎಳೆಯುತ್ತದೆ. ಹೆಸರು ಹಿಡಿದು ಕರೆದರೆ ತಿರುಗಿ ನೋಡದ ಮಗು ಪಕ್ಕದ ಕುರ್ಚಿಯವರ ಮೊಬೈಲಿನಲ್ಲಿ ಕಾರ್ಟೂನಿನ ಸದ್ದು ಕೇಳಿದ ಕೂಡಲೇ ತಿರುಗುತ್ತದೆ. ಕೇಳಿ ಹೇಳಲು ಬರುವ ಪದಗಳಿವೆ, ಇನ್ನೊಬ್ಬರಿಗೆ ಏನನ್ನಾದರೂ ತಿಳಿಸಲು ಬಳಸುವ ಪದಗಳಿಲ್ಲ.

ಇದು ಏಕೆ ಹೀಗೆ ಎನ್ನುವುದಕ್ಕೆ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಒಳ್ಳೆಯ ಬೆಳಕು ಚೆಲ್ಲುತ್ತದೆ. ಇಂಗ್ಲಿಷ್ ಮಾತ್ರ ಕೇಳಿ ಬೆಳೆಯುತ್ತಿದ್ದ ಒಂಬತ್ತು ತಿಂಗಳ ಶಿಶುಗಳನ್ನು ಅವರು ಆರಿಸಿಕೊಂಡರು. ಕೆಲವು ಶಿಶುಗಳ ಮುಂದೆ ಚೀನೀ ಭಾಷೆಯವರೇ ಕುಳಿತು ಆಟಿಕೆ ಹಿಡಿದು, ಪುಸ್ತಕ ತೋರಿಸಿ, ಹನ್ನೆರಡು ಬಾರಿ ಮಾತನಾಡಿದರು. ಇನ್ನು ಕೆಲವು ಶಿಶುಗಳಿಗೆ ಅದೇ ಮಂದಿಯ ಅದೇ ಮಾತನ್ನು ಪರದೆಯ ಮೇಲೆ ತೋರಿಸಲಾಯಿತು. ಎದುರು ಕುಳಿತವರ ಮಾತು ಕೇಳಿದ ಶಿಶುಗಳು ಇಂಗ್ಲಿಷಿನಲ್ಲಿಲ್ಲದ ಚೀನೀ ಧ್ವನಿಭೇದವನ್ನು ಗುರುತಿಸಬಲ್ಲವಾದವು. ಪರದೆ ನೋಡಿದವು ಆ ಭಾಷೆಯನ್ನೇ ಕೇಳದ ಶಿಶುಗಳಿಗಿಂತ ಒಂದಿಷ್ಟೂ ಮುಂದೆ ಹೋಗಲಿಲ್ಲ. ಮಾತು, ಮುಖ, ಬಣ್ಣ, ಸದ್ದು ಎಲ್ಲ ಇದ್ದೂ ಪರದೆಯಲ್ಲಿ ಒಂದು ಇರಲಿಲ್ಲ: ಮಗು ‘ಆ’ ಎಂದಾಗ ‘ಏನು ಮಗಾ?’ ಎಂದು ಕೇಳುವವರು. ಮಗು ನೋಡಿದ ಕಡೆಗೆ ತಾನೂ ನೋಡಿ, ಮಗು ಬೆರಳು ಮಾಡಿದ್ದಕ್ಕೆ ಹೆಸರು ಹೇಳಿ, ಮಗು ನಕ್ಕರೆ ನಗುವ ಮನುಷ್ಯನಿಂದಲೇ ಮಗು ಭಾಷೆ ಕಲಿಯುವುದು.

ಕಾಸರಗೋಡಿನವರಾದ ನಮಗೆ ಈ ಪ್ರಯೋಗದಲ್ಲಿ ವಿಶೇಷ ಅರ್ಥವಿದೆ. ನಮ್ಮ ಮಕ್ಕಳು ಒಂದು ಭಾಷೆಯಲ್ಲಿ ಬೆಳೆಯುವವರಲ್ಲ. ಮನೆಯೊಳಗೆ ತುಳುವೋ ಹವ್ಯಕವೋ ಬ್ಯಾರಿಯೋ ಕೊಂಕಣಿಯೋ ಮರಾಟಿಯೋ. ಜಗಲಿ ಇಳಿದರೆ ಕನ್ನಡ, ಬಸ್ಸು ಹತ್ತಿದರೆ ಮಲಯಾಳ. ಮಾತು ತಡವಾದ ಮಗುವನ್ನು ಕರೆತಂದವರು ಹಲವು ಸಲ ‘ಮನೆಯಲ್ಲಿ ಮೂರು ಭಾಷೆ ಕೇಳಿ ಮಗುವಿಗೆ ಗೊಂದಲವಾಗಿದೆ’ ಎನ್ನುತ್ತಾರೆ. ಯಾರೋ ಅವರಿಗೆ ‘ಒಂದೇ ಭಾಷೆ ಮಾತನಾಡಿ’ ಎಂದು ಹೇಳಿರುವುದೂ ಉಂಟು. ಹಲವು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಈ ನೆಲದಲ್ಲಿ ತಲೆತಲಾಂತರದಿಂದ ಮಕ್ಕಳು ನಾಲ್ಕು ಭಾಷೆ ಕೇಳಿಯೇ ಬೆಳೆದಿದ್ದಾರೆ, ನಾಲ್ಕರಲ್ಲೂ ಜಗಳವಾಡಬಲ್ಲವರಾಗಿದ್ದಾರೆ. ಅವರಿಗೆ ಆ ನಾಲ್ಕು ಭಾಷೆ ಬಂದದ್ದು ನಾಲ್ಕು ಬಗೆಯ ಮನುಷ್ಯರಿಂದ. ಯಾರೂ ಮಾತನಾಡಿಸದ ಮಗುವಿಗೆ ಒಂದು ಭಾಷೆಯೂ ಭಾರವೇ. ಆದ್ದರಿಂದ ಅಜ್ಜಿ ತುಳುವಿನಲ್ಲಿಯೇ ಮಾತನಾಡಲಿ, ಅಪ್ಪ ಕನ್ನಡದಲ್ಲಿಯೇ ಮಾತನಾಡಲಿ. ಮಾತನಾಡಲಿ ಎಂಬುದಷ್ಟೇ ಮುಖ್ಯ.

ಮಗುವಿನ ಕೈಗೆ ಮೊಬೈಲು ಕೊಟ್ಟೇ ಇಲ್ಲ ಎನ್ನುವ ಮನೆಗಳಲ್ಲಿಯೂ ಸಂಜೆ ಆರರಿಂದ ರಾತ್ರಿ ಹತ್ತರ ತನಕ ಧಾರಾವಾಹಿ ಓಡುತ್ತಿರುತ್ತದೆ. ಮಗು ಅದನ್ನು ನೋಡುವುದಿಲ್ಲ ನಿಜ, ಮೂಲೆಯಲ್ಲಿ ತನ್ನಷ್ಟಕ್ಕೆ ಆಡುತ್ತಿರುತ್ತದೆ. 2009ರಲ್ಲಿ ಡಿಮಿಟ್ರಿ ಕ್ರಿಸ್ಟಾಕಿಸ್ ಎಂಬ ಮಕ್ಕಳ ವೈದ್ಯರು ಮತ್ತು ಸಂಗಡಿಗರು ಪುಟ್ಟ ಮಕ್ಕಳ ಅಂಗಿಯಲ್ಲಿ ಧ್ವನಿಮುದ್ರಕವನ್ನಿಟ್ಟು ದಿನವಿಡೀ ಅವರ ಕಿವಿಗೆ ಬೀಳುವ ಮಾತನ್ನು ಅಳೆದರು. ಟಿವಿಯ ಸದ್ದು ಕೇಳುತ್ತಿದ್ದ ಒಂದೊಂದು ಗಂಟೆಗೆ ಮಗು ದೊಡ್ಡವರ ಬಾಯಿಂದ ಕೇಳಿದ ಪದಗಳಲ್ಲಿ ಸರಾಸರಿ 770 ಕಡಿಮೆಯಾದವು. ಮಗು ಹೊರಡಿಸುವ ಸದ್ದುಗಳೂ ಕಡಿಮೆಯಾದವು. ಟಿವಿ ಓಡುವಾಗ ದೊಡ್ಡವರು ಬಾಯಿ ಮುಚ್ಚಿಕೊಳ್ಳುತ್ತಾರೆ, ಇಷ್ಟೇ ಕಾರಣ. ಹಿಂದಿನ ಸಾಲಿನ ಅಜ್ಜಿಯಂದಿರು ನನ್ನ ಮೇಲೆ ಕೋಪಿಸಿಕೊಳ್ಳಬಾರದು. ಧಾರಾವಾಹಿ ಬಿಡಿ ಎಂದು ನಾನು ಹೇಳುತ್ತಿಲ್ಲ. ನೋಡಬೇಕಾದದ್ದನ್ನು ನೋಡಿ ಸ್ವಿಚ್ಚು ಆರಿಸಿ, ಯಾರೂ ನೋಡದ ಟಿವಿ ಓಡುವುದು ಬೇಡ ಎನ್ನುತ್ತಿದ್ದೇನೆ.

ಈ ಊರಿನಲ್ಲಿ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಅಪ್ಪಂದಿರಿರುವ ಮನೆಗಳು ಬಹಳ. ಎರಡು ವರ್ಷದೊಳಗೆ ಪರದೆ ಬೇಡ ಎಂದರೆ ಅವರು ಮಗುವಿನ ಮುಖ ನೋಡುವುದು ಹೇಗೆ? ನೋಡಲಿ. ವೀಡಿಯೊ ಕರೆಗೆ ಅಕಾಡೆಮಿಯ ಮಾರ್ಗಸೂಚಿಯಲ್ಲಿಯೇ ವಿನಾಯಿತಿ ಇದೆ, ಅದು ದಾಕ್ಷಿಣ್ಯಕ್ಕೆ ಕೊಟ್ಟದ್ದೂ ಅಲ್ಲ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎರಡು ವರ್ಷ ದಾಟಿದ ಮಕ್ಕಳು ನೇರ ವೀಡಿಯೊ ಕರೆಯಲ್ಲಿ ಮಾತನಾಡಿದವರಿಂದ ಹೊಸ ಪದಗಳನ್ನು ಎದುರು ಕುಳಿತವರಿಂದ ಕಲಿತಷ್ಟೇ ಚೆನ್ನಾಗಿ ಕಲಿತರು, ಮೊದಲೇ ಚಿತ್ರೀಕರಿಸಿದ ವೀಡಿಯೊದಿಂದ ಕಲಿಯಲಿಲ್ಲ. ದುಬೈಯಿಂದ ಬೋಟಿಮ್ ಆ್ಯಪಿನ ಕರೆಯಲ್ಲಿ ಬರುವ ಅಪ್ಪನ ಮುಖ ಮಗುವಿನ ಮಾತಿಗೆ ಉತ್ತರ ಕೊಡುತ್ತದೆ. ಕಾರ್ಟೂನಿನ ಮುಖ ಕೊಡುವುದಿಲ್ಲ. ಮಗುವಿನ ಪಕ್ಕದಲ್ಲಿ ಅಮ್ಮನೋ ಅಜ್ಜಿಯೋ ಕುಳಿತು ‘ಅಪ್ಪನಿಗೆ ಹೊಸ ಕರುವನ್ನು ತೋರಿಸು’ ಎಂದು ಎರಡೂ ಕಡೆಯವರನ್ನು ಬೆಸೆದರೆ ಅದಕ್ಕಿಂತ ಒಳ್ಳೆಯ ಪರದೆ ಬೇರೆ ಇಲ್ಲ. ಕರೆ ಮುಗಿದ ಮೇಲೆ ಮೊಬೈಲನ್ನು ಮಗುವಿನ ಕೈಯಲ್ಲೇ ಬಿಟ್ಟು ಒಳಗೆ ಹೋಗುವುದರಿಂದ ಮಾತ್ರ ಕೆಲಸ ಕೆಡುತ್ತದೆ.

ಮಾತು ತಡವಾದ ಮಕ್ಕಳ ಬಗ್ಗೆ ಇನ್ನೊಂದು ಎಚ್ಚರಿಕೆ. ‘ವರ್ಚುವಲ್ ಆಟಿಸಂ’, ಅಂದರೆ ಪರದೆ ನೋಡಿ ಬರುವ ಆಟಿಸಂ, ಎಂಬ ಹೆಸರಿನಲ್ಲಿ ವಾಟ್ಸಾಪಿನಲ್ಲಿ ಬಹಳ ಸಂದೇಶಗಳು ಹರಿದಾಡುತ್ತಿವೆ. ವೈದ್ಯಕೀಯದ ಅಧಿಕೃತ ರೋಗಪಟ್ಟಿಗಳಲ್ಲಿ ಅಂಥ ಕಾಯಿಲೆ ಇಲ್ಲ. ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಅದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ಮೊಬೈಲು ಕೊಟ್ಟದ್ದರಿಂದ ಮಗುವಿಗೆ ಆಟಿಸಂ ಬಂತೆಂದು ತಾಯಿಯ ಮೇಲೆ ಹೊರಿಸುವುದು ತಪ್ಪು ಮಾತ್ರವಲ್ಲ, ಕ್ರೌರ್ಯ ಕೂಡ. ಇದರ ಇನ್ನೊಂದು ಮಗ್ಗುಲು ಇನ್ನೂ ಅಪಾಯದ್ದು. ‘ಮೊಬೈಲು ನಿಲ್ಲಿಸಿದರೆ ಎಲ್ಲ ಸರಿಯಾಗುತ್ತದೆ’ ಎಂದು ಕಾಯುತ್ತಾ ಕುಳಿತ ಮನೆಗಳಲ್ಲಿ ನಿಜವಾದ ಆಟಿಸಂ ಇದ್ದ ಮಕ್ಕಳೂ ಕಿವಿ ಸರಿಯಾಗಿ ಕೇಳದ ಮಕ್ಕಳೂ ಬೆಲೆಬಾಳುವ ತಿಂಗಳುಗಳನ್ನು ಕಳೆದುಕೊಳ್ಳುತ್ತಾರೆ. ಒಂದೂವರೆ ವರ್ಷವಾದರೂ ಒಂದೂ ಪದವಿಲ್ಲ, ಎರಡು ವರ್ಷವಾದರೂ ‘ಅಮ್ಮ ಬಾ’ ಎಂಬಂತೆ ಎರಡು ಪದ ಕೂಡಿಸುವುದಿಲ್ಲ, ಹೆಸರು ಕರೆದರೆ ತಿರುಗುವುದಿಲ್ಲ, ಬೆರಳು ಮಾಡಿ ತೋರಿಸುವುದಿಲ್ಲ ಎಂದಾದರೆ ಮೊಬೈಲನ್ನೂ ನಿಲ್ಲಿಸಿ, ಮಗುವನ್ನೂ ಕರೆದುಕೊಂಡು ಬನ್ನಿ. ಮೊದಲು ಶ್ರವಣ ಪರೀಕ್ಷೆ, ಆಮೇಲೆ ಉಳಿದದ್ದು. ಕನ್ನಡದಲ್ಲಿಯೇ ಮಾತಿನ ಚಿಕಿತ್ಸೆ ಬೇಕೆನ್ನುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಊಟದ ವಿಷಯವನ್ನು ಬೇಗ ಮುಗಿಸುತ್ತೇನೆ. ‘ಮೊಬೈಲು ಇಡದಿದ್ದರೆ ಬಾಯಿಯೇ ತೆರೆಯುವುದಿಲ್ಲ’ ಎನ್ನುವ ಅಮ್ಮಂದಿರ ಕಷ್ಟ ನನಗೆ ಗೊತ್ತು. ತುತ್ತು ಒಳಗೆ ಹೋಗುತ್ತದೆ ಎಂಬುದೂ ನಿಜ. ಆದರೆ ಹಸಿವು ಯಾವಾಗ ತೀರಿತು ಎಂದು ಮಗುವಿಗೆ ತಿಳಿಯದೆ ಹೋಗುತ್ತದೆ. ಬಾಯಿ ತಾನಾಗಿ ತೆರೆಯುತ್ತದೆ, ಜಗಿಯುವುದು ಅರ್ಧಕ್ಕೆ ನಿಲ್ಲುತ್ತದೆ, ಗಂಜಿಯೋ ಚಿತ್ರಾನ್ನವೋ ಎಂದು ಕೇಳಿದರೆ ಹೇಳಲಾರದು. ಒಂದು ಹೊತ್ತು ಸ್ವಲ್ಪ ಕಡಿಮೆ ತಿಂದ ಆರೋಗ್ಯವಂತ ಮಗುವಿಗೆ ಏನೂ ಆಗುವುದಿಲ್ಲ. ಮೊಬೈಲು ತೆಗೆದ ಮೊದಲ ಕೆಲವು ದಿನ ಮಗು ಕಡಿಮೆ ತಿನ್ನುತ್ತದೆ, ಅಳುತ್ತದೆ. ಆ ದಿನಗಳನ್ನು ದಾಟಲು ಮನೆಯವರೆಲ್ಲ ಒಟ್ಟಾಗಿ ನಿಲ್ಲಬೇಕು, ಅಷ್ಟೆ.

ಅಳುವನ್ನು ನಿಲ್ಲಿಸಲು ಮೊಬೈಲು ಕೊಡುವುದರ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಮಿಚಿಗನ್ ವಿಶ್ವವಿದ್ಯಾಲಯದ ಮಕ್ಕಳ ವೈದ್ಯೆ ಜೆನ್ನಿ ರಾಡೆಸ್ಕಿ ಮತ್ತು ಸಂಗಡಿಗರು ಮೂರರಿಂದ ಐದು ವರ್ಷದ ಮಕ್ಕಳನ್ನು ಕೆಲವು ತಿಂಗಳ ಕಾಲ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಾಧಾನ ಮಾಡಲು ಮತ್ತೆ ಮತ್ತೆ ಮೊಬೈಲು ಬಳಸಿದ ಮಕ್ಕಳಲ್ಲಿ ಮುಂದೆ ಹಠ ಮತ್ತು ಸಿಟ್ಟಿನ ಏರಿಳಿತ ಹೆಚ್ಚಾದದ್ದು ಕಂಡುಬಂತು. ಗಂಡುಮಕ್ಕಳಲ್ಲಿ, ಮೊದಲೇ ಚಟುವಟಿಕೆಯೂ ದುಡುಕೂ ಹೆಚ್ಚಿದ್ದವರಲ್ಲಿ ಅದು ಇನ್ನೂ ಸ್ಪಷ್ಟವಾಗಿತ್ತು. ಅಳು ಬಂದಾಗ ತನ್ನನ್ನು ತಾನೇ ಸಂಭಾಳಿಸಿಕೊಳ್ಳಲು ಕಲಿಯುವ ವಯಸ್ಸದು. ಸುಲಭವಾಗಿ ಸಮಾಧಾನಗೊಳ್ಳದ ಮಗುವಿಗೇ ಮೊಬೈಲು ಹೆಚ್ಚು ಸಿಗುತ್ತದೆ, ಅಂಥ ಮಗುವಿಗೇ ಆ ಕಲಿಕೆಯ ಅವಕಾಶ ಹೆಚ್ಚು ಬೇಕಾಗಿರುತ್ತದೆ.

ಇನ್ನು ಶಾಲೆಗೆ ಹೋಗುವ ಮಕ್ಕಳು. ಇವರ ಬಗ್ಗೆ ಜನರಿಗಿರುವ ದೊಡ್ಡ ಭಯ ಕಣ್ಣಿನದು, ಅದು ಅಸಂಗತವೂ ಅಲ್ಲ. ಆದರೆ ಸಮೀಪದೃಷ್ಟಿಗೆ ಮೊಬೈಲಿನ ಬೆಳಕು ಕಾರಣವೆಂದು ಹೆಚ್ಚಿನವರು ತಿಳಿದಿದ್ದಾರೆ. ಅದನ್ನೇ ಹಿಡಿದು ನೀಲಿ ಬೆಳಕು ತಡೆಯುವ ಕನ್ನಡಕಗಳನ್ನು ಅಂಗಡಿಯವರು ಧಾರಾಳವಾಗಿ ಮಾರುತ್ತಾರೆ. ಅಂಥ ಮಸೂರದಿಂದ ಕಣ್ಣಿನ ಆಯಾಸ ಕಡಿಮೆಯಾಗುತ್ತದೆ ಎನ್ನಲು ಆಧಾರವಿಲ್ಲವೆಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2023ರ ಸಮೀಕ್ಷೆ ಹೇಳಿದೆ. ಹಣ ಉಳಿಸಿಕೊಳ್ಳಿ. ಮಗುವಿನ ಕಣ್ಣುಗುಡ್ಡೆ ಮಿತಿಮೀರಿ ಉದ್ದವಾಗಿ ಬೆಳೆಯುವುದರಿಂದ ಸಮೀಪದೃಷ್ಟಿ ಬರುತ್ತದೆ. ಹೊರಗಿನ ಬೆಳಕು ಆ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಪ್ರಖರ ಬೆಳಕಿನಲ್ಲಿ ಅಕ್ಷಿಪಟಲದಿಂದ ಬಿಡುಗಡೆಯಾಗುವ ಡೋಪಮೈನ್ ಎಂಬ ರಾಸಾಯನಿಕ ಇದನ್ನು ಮಾಡುತ್ತದೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಮನೆಯೊಳಗೆ ದೀಪ ಹಾಕಿದರೂ ಬೆಳಕು ಕೆಲವು ನೂರು ಲಕ್ಸ್ (ಬೆಳಕನ್ನು ಅಳೆಯುವ ಮಾನ) ಮಾತ್ರ. ಹೊರಗೆ ಹಗಲಿನಲ್ಲಿ ಹತ್ತು ಸಾವಿರ ದಾಟುತ್ತದೆ. ಚೀನಾದ ಗುವಾಂಗ್‌ಜೌ ನಗರದಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ಶಾಲಾ ದಿನಗಳಲ್ಲಿ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಕಳೆಯುವಂತೆ ಏರ್ಪಾಡು ಮಾಡಿ ಮೂರು ವರ್ಷ ನೋಡಿದರು. ಆ ಶಾಲೆಗಳಲ್ಲಿ 30.4 ಶೇಕಡಾ ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದರೆ, ಎಂದಿನಂತೆ ನಡೆದ ಶಾಲೆಗಳಲ್ಲಿ ಅದು 39.5 ಶೇಕಡಾ. 2015ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಯಾರ ಮೊಬೈಲನ್ನೂ ಕಸಿದುಕೊಳ್ಳಲಿಲ್ಲ ಎಂಬುದನ್ನು ಗಮನಿಸಿ. ಮಗುವನ್ನು ಬಿಸಿಲಿಗೆ ಬಿಟ್ಟರು, ಅಷ್ಟೇ.

ನಮ್ಮಲ್ಲಿ ಜೂನ್ ತಿಂಗಳಿಂದ ಸೆಪ್ಟೆಂಬರ್ ತನಕ ಮಳೆ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಮಗುವನ್ನು ಎಲ್ಲಿಗೆ ಬಿಡುವುದು ಎಂದು ಕೇಳುತ್ತೀರಿ. ಮಳೆಗಾಲದ ಮೋಡ ಮುಚ್ಚಿದ ಹಗಲಿನಲ್ಲಿಯೂ ಹೊರಗಿನ ಬೆಳಕು ಕೋಣೆಯೊಳಗಿನದಕ್ಕಿಂತ ಎಷ್ಟೋ ಪಾಲು ಹೆಚ್ಚು. ತೆರೆದ ಜಗಲಿಯಲ್ಲಿ ಕೂರಿಸಿದರೂ ಕತ್ತಲೆ ಕೋಣೆಗಿಂತ ಮೇಲು. ಆಟಿಯಲ್ಲಿ ಚೆನ್ನೆಮಣೆ ಹೊರಗೆ ತೆಗೆಯುವ ವಾಡಿಕೆ ಈಗಲೂ ಕೆಲವು ಮನೆಗಳಲ್ಲಿದೆ. ಹದಿನಾಲ್ಕು ಗುಳಿಗಳಲ್ಲಿ ಮಂಜೊಟ್ಟಿ ಕಾಯಿ ಎಣಿಸಿ ಹಂಚುತ್ತಾ ಹೋಗುವ ಆ ಆಟದಲ್ಲಿ ಎದುರಾಳಿಯ ಮುಖ ನೋಡಬೇಕು, ತನ್ನ ಸರದಿಗೆ ಕಾಯಬೇಕು, ಸೋತರೆ ಸಹಿಸಬೇಕು. ಮಳೆಗಾಲದ ಮೊಬೈಲಿಗೆ ಬದಲು ಏನು ಎಂದು ಕೇಳಿದವರಿಗೆ ನಾನು ಅದನ್ನೇ ಹೇಳುವುದು.

ನಿದ್ದೆಯ ವಿಷಯ ಕಣ್ಣಿಗಿಂತ ದೊಡ್ಡದು, ಆದರೆ ಅದಕ್ಕಾಗಿ ನನ್ನಲ್ಲಿಗೆ ಯಾರೂ ಬರುವುದಿಲ್ಲ. ಬರುವುದು ‘ತಲೆನೋವು’, ‘ಕ್ಲಾಸಿನಲ್ಲಿ ತೂಕಡಿಸುತ್ತಾನೆ’, ‘ಮುಟ್ಟಿದರೆ ಸಿಟ್ಟು’, ‘ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ’ ಎಂಬ ದೂರುಗಳು. ಆರರಿಂದ ಹನ್ನೆರಡು ವರ್ಷದ ಮಗುವಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಮ್ಮ ಕಡೆ ಎಷ್ಟೋ ಮಕ್ಕಳು ಬೆಳಿಗ್ಗೆ ಆರು ಗಂಟೆಗೆ ಎದ್ದು ಮದರಸಕ್ಕೆ ಹೋಗಿ ಬಂದು ಶಾಲೆಗೆ ಹೊರಡುವವರು. ಇನ್ನು ಕೆಲವರು ಏಳೂವರೆಯ ಶಾಲಾ ಬಸ್ಸಿಗೆ ಕಾಯುವವರು. ಏಳುವ ಹೊತ್ತು ಬದಲಾಗುವುದಿಲ್ಲ. ಹಾಗಿರುವಾಗ ರಾತ್ರಿ ಹತ್ತೂವರೆಯ ತನಕ ಒಂದಾದ ಮೇಲೊಂದರಂತೆ ತಾನಾಗಿ ಬರುವ ವೀಡಿಯೊಗಳ ಮುಂದೆ ಕುಳಿತ ಮಗುವಿನ ನಿದ್ದೆಯಲ್ಲಿ ದಿನಕ್ಕೆ ಒಂದೂವರೆ ಗಂಟೆ ಕೊರತೆ ಬೀಳುವುದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು.

ಹೊತ್ತಿನ ನಷ್ಟದ ಜೊತೆಗೆ ಬೆಳಕಿನದೂ ಒಂದು ಪಾತ್ರವಿದೆ. ಕತ್ತಲಾಗುತ್ತಿದ್ದಂತೆ ಮಿದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಏರುತ್ತದೆ, ಶರೀರಕ್ಕೆ ರಾತ್ರಿಯಾಯಿತೆಂದು ತಿಳಿಯುವುದು ಅದರಿಂದ. ಮಕ್ಕಳ ಕಣ್ಣಿನ ಪಾಪೆ ದೊಡ್ಡದು, ಮಸೂರ ತಿಳಿ. ಆದ್ದರಿಂದ ದೊಡ್ಡವರಿಗಿಂತ ಹೆಚ್ಚು ಬೆಳಕು ಒಳಗೆ ಹೋಗುತ್ತದೆ. ಅಮೆರಿಕದ ಕೊಲರಾಡೊದಲ್ಲಿ ಮೂರರಿಂದ ಐದು ವರ್ಷದ ಕೆಲವು ಮಕ್ಕಳನ್ನು ಮಲಗುವ ಮುಂಚಿನ ಒಂದು ಗಂಟೆ ಪ್ರಖರ ಬೆಳಕಿನ ಮೇಜಿನ ಮೇಲೆ ಆಡಲು ಬಿಟ್ಟಾಗ ಅವರ ಮೆಲಟೋನಿನ್ ಸುಮಾರು 88 ಶೇಕಡಾ ಕುಸಿಯಿತು, ಬೆಳಕು ಆರಿಸಿದ ಮೇಲೂ ಬಹಳ ಹೊತ್ತು ಮೇಲೇಳಲಿಲ್ಲ. ಮೊಬೈಲಿನ ಬೆಳಕು ಅಷ್ಟು ಪ್ರಖರವಲ್ಲ, ಆದ್ದರಿಂದ ಈ ಅಂಕಿಯನ್ನು ಮೊಬೈಲಿಗೆ ಹಾಗೆಯೇ ಅನ್ವಯಿಸಬಾರದು. ನನ್ನ ಅನುಭವದಲ್ಲಿ ಬೆಳಕಿಗಿಂತ ದೊಡ್ಡ ತೊಂದರೆ ಮುಗಿಯದಿರುವುದು. ಟಿವಿ ಕಾರ್ಯಕ್ರಮಕ್ಕೆ ಕೊನೆ ಇತ್ತು, ರಾತ್ರಿಯಿಡೀ ನಡೆಯುವ ಬಯಲಾಟಕ್ಕೂ ಮಂಗಳ ಪದ್ಯವಿದೆ. ಕಿರುವೀಡಿಯೊಗಳ ಸಾಲಿಗೆ ಮಂಗಳವೇ ಇಲ್ಲ. ಸೆಟ್ಟಿಂಗಿನಲ್ಲಿ ‘ಆಟೋಪ್ಲೇ’ ಆರಿಸಿಡುವುದು ಅರ್ಧ ನಿಮಿಷದ ಕೆಲಸ. ರಾತ್ರಿ ಮೊಬೈಲುಗಳೆಲ್ಲ ಮಲಗುವ ಕೋಣೆಯ ಹೊರಗೆ ಒಂದೇ ಕಡೆ ಚಾರ್ಜಿಗಿರಲಿ. ಒಂದೇ ನಿಯಮ ಪಾಲಿಸುತ್ತೇವೆ, ಯಾವುದನ್ನು ಎಂದು ಕೇಳುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ.

ಈಗ ನಡತೆಯ ಮಾತು. ಹೊಡೆದಾಟ ನೋಡಿದ ಮಗು ಹೊಡೆದಾಟ ಕಲಿಯುತ್ತದೆಯೇ? ಸ್ಟಾನ್‌ಫರ್ಡಿನ ಆಲ್ಬರ್ಟ್ ಬಂಡೂರ 1960ರ ದಶಕದ ಆರಂಭದಲ್ಲಿ ದೊಡ್ಡವರು ಗಾಳಿ ತುಂಬಿದ ಬೊಂಬೆಯನ್ನು ಹೊಡೆಯುವುದನ್ನು ಮಕ್ಕಳಿಗೆ ಎದುರಿಗೂ ಚಲನಚಿತ್ರದಲ್ಲೂ ತೋರಿಸಿ, ಮಕ್ಕಳು ಅದನ್ನೇ ಅನುಕರಿಸುವುದನ್ನು ದಾಖಲಿಸಿದರು. ಆದರೆ ಬೊಂಬೆಗೆ ಹೊಡೆಯುವುದು ಬೇರೆ, ತಮ್ಮನಿಗೆ ಹೊಡೆಯುವುದು ಬೇರೆ ಎಂಬ ಆಕ್ಷೇಪ ಆಗಲೇ ಬಂದಿತ್ತು, ಅದರಲ್ಲಿ ಹುರುಳಿದೆ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಥಾಮಸ್ ರಾಬಿನ್ಸನ್ ಕ್ಯಾಲಿಫೋರ್ನಿಯಾದ ಎರಡು ಪ್ರಾಥಮಿಕ ಶಾಲೆಗಳಲ್ಲಿ ಮಾಡಿದ ಕೆಲಸ. ಒಂದು ಶಾಲೆಯ ಮೂರು-ನಾಲ್ಕನೆಯ ತರಗತಿಯ ಮಕ್ಕಳಿಗೆ ಟಿವಿ ಮತ್ತು ವೀಡಿಯೊ ಆಟಗಳನ್ನು ಕಡಿಮೆ ಮಾಡಿಕೊಳ್ಳುವ ಪಾಠಗಳನ್ನು ಆರು ತಿಂಗಳ ಕಾಲ ನಡೆಸಿದರು, ಇನ್ನೊಂದು ಶಾಲೆಯಲ್ಲಿ ನಡೆಸಲಿಲ್ಲ. ಮೊದಲ ಶಾಲೆಯ ಮಕ್ಕಳ ತೂಕ ಇನ್ನೊಂದು ಶಾಲೆಯವರಷ್ಟು ಏರಲಿಲ್ಲ ಎಂದು 1999ರಲ್ಲಿ, ಜೊತೆಯ ಮಕ್ಕಳು ಅವರನ್ನು ಜಗಳಗಂಟರೆಂದು ಹೆಸರಿಸುವುದು ಕಡಿಮೆಯಾಯಿತು ಎಂದು 2001ರಲ್ಲಿ ಪ್ರಕಟಿಸಿದರು. ತೂಕಕ್ಕೂ ಜಗಳಕ್ಕೂ ಬೇರೆಬೇರೆ ಔಷಧ ಕೊಡಲಿಲ್ಲ, ಪರದೆಯ ಹೊತ್ತನ್ನಷ್ಟೇ ಕಡಿಮೆ ಮಾಡಿದ್ದರು.

ಹದಿಹರೆಯದವರ ವಿಷಯದಲ್ಲಿ ನಾನು ಪತ್ರಿಕೆಗಳಷ್ಟು ಗಾಬರಿ ಹುಟ್ಟಿಸಲಾರೆ. ಆಕ್ಸ್‌ಫರ್ಡಿನ ಏಮಿ ಓರ್ಬನ್ ಮತ್ತು ಆಂಡ್ರ್ಯೂ ಪ್ರಿಬಿಲ್‌ಸ್ಕಿ ಬಹು ದೊಡ್ಡ ಸಮೀಕ್ಷೆಗಳನ್ನು ಜಾಲಾಡಿ, ಹದಿಹರೆಯದವರ ನೆಮ್ಮದಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಡಿಜಿಟಲ್ ಬಳಕೆಯಿಂದ ವಿವರಿಸಬಹುದಾದದ್ದು ಹೆಚ್ಚೆಂದರೆ 0.4 ಶೇಕಡಾ ಎಂದು 2019ರಲ್ಲಿ ತೋರಿಸಿದರು. ಇದು ಸರಾಸರಿಯ ಮಾತು. ಸರಾಸರಿಯೊಳಗೆ ತುಂಬ ನರಳುವ ಕೆಲವರು ಅಡಗಿರುತ್ತಾರೆ. ಅಂಥವರನ್ನು ಗುರುತಿಸುವುದು ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ ‘ಗೇಮಿಂಗ್ ಡಿಸಾರ್ಡರ್’ ಅದರಲ್ಲಿ ಸೇರಿತ್ತು. ಹೆಚ್ಚು ಹೊತ್ತು ಆಡುವುದು ಅದರ ಲಕ್ಷಣವಲ್ಲ. ಆಟದ ಮೇಲೆ ಹಿಡಿತವಿಲ್ಲದಿರುವುದು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗುವುದು, ಹಾನಿಯಾಗುತ್ತಿದ್ದರೂ ಮುಂದುವರಿಯುವುದು, ಇದರಿಂದ ಓದು-ಸಂಬಂಧ-ದಿನಚರಿ ಕುಸಿಯುವುದು ಸಾಮಾನ್ಯವಾಗಿ ಒಂದು ವರ್ಷವಾದರೂ ಕಾಣಿಸಬೇಕು. ರಜೆಯಲ್ಲಿ ದಿನವಿಡೀ ಆಡಿ ಶಾಲೆ ತೆರೆದಾಗ ಬಿಟ್ಟ ಹುಡುಗನಿಗೆ ಈ ಕಾಯಿಲೆ ಇಲ್ಲ. ಕ್ರಿಕೆಟ್ ಆಡುವುದನ್ನೂ ಗೆಳೆಯರನ್ನೂ ಬಿಟ್ಟು, ರಾತ್ರಿ ಎಚ್ಚರವಿದ್ದು, ಅಪ್ಪನ ಖಾತೆಯಿಂದ ಹಣ ತೆಗೆದು ಆಟದ ಆಯುಧ ಕೊಂಡವನ ಬಗ್ಗೆ ಯೋಚಿಸಬೇಕು. ಅವನ ಹಿಂದೆ ಹಲವು ಸಲ ಖಿನ್ನತೆ, ಕಲಿಕೆಯ ತೊಂದರೆ, ಮನೆಯ ಜಗಳ ಯಾವುದಾದರೂ ಇರುತ್ತದೆ. ಇಂಥ ಮಗುವಿನ ಕೈಯಿಂದ ಮೊಬೈಲನ್ನು ಒಮ್ಮೆಲೇ ಕಿತ್ತು ನೆಲಕ್ಕಪ್ಪಳಿಸುವುದು ಅಪಾಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ, ಮೊಬೈಲಿನ ಚಟ ಬಿಡಿಸಲು ಕೇರಳ ಪೊಲೀಸರ ಡಿ-ಡ್ಯಾಡ್ ಕೇಂದ್ರಗಳಿವೆ, 14416ಕ್ಕೆ ಕರೆ ಮಾಡಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನಲ್ಲಿ ಹಣವಿಲ್ಲದೆ ಸಲಹೆ ಸಿಗುತ್ತದೆ.

ದೊಡ್ಡವರ ಮೊಬೈಲಿನ ಬಗ್ಗೆ ಹೇಳದೆ ಇಳಿದರೆ ಮಕ್ಕಳಿಗೆ ಅನ್ಯಾಯ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಮನೋವಿಜ್ಞಾನಿ ಶಿಶುವಿನೊಂದಿಗೆ ನಗುತ್ತಾ ಆಡುತ್ತಿದ್ದ ತಾಯಿಗೆ ಕೆಲವು ನಿಮಿಷ ಮುಖವನ್ನು ಕಲ್ಲಿನಂತೆ ಇಟ್ಟುಕೊಳ್ಳಲು ಹೇಳಿದರು. ಶಿಶು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ, ಕೊನೆಗೆ ಮುಖ ತಿರುಗಿಸಿ ಕುಗ್ಗಿಹೋಗುತ್ತದೆ. ಮೊಬೈಲು ನೋಡುವಾಗ ನಮ್ಮ ಮುಖ ಹೇಗಿರುತ್ತದೆ ಎಂದು ಪಕ್ಕದಲ್ಲಿ ಕುಳಿತವರನ್ನು ಒಮ್ಮೆ ನೋಡಿ ತಿಳಿದುಕೊಳ್ಳಿ. ನನ್ನ ಕ್ಲಿನಿಕ್ಕಿನ ಹೊರಗೆ ಕಾಯುವ ಬೆಂಚಿನಲ್ಲಿ ದಿನವೂ ಇದನ್ನು ಕಾಣುತ್ತೇನೆ: ಮಗು ಅಪ್ಪನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸುತ್ತದೆ, ಅಪ್ಪ ‘ಹೂಂ’ ಎಂದು ಮತ್ತೆ ಪರದೆಗೆ ತಿರುಗುತ್ತಾನೆ.

ಇನ್ನು ಈ ಸಭೆಯ ಮುಂದೆ ನನ್ನದೊಂದು ಬೇಡಿಕೆ ಇದೆ. ಕೊರೋನಾದಿಂದ ಶಾಲೆ ಮುಚ್ಚಿದ್ದಾಗ, 2020ರ ಜೂನ್ ಒಂದರಂದು, ಕೇರಳದಲ್ಲಿ ವಿಕ್ಟರ್ಸ್ ಎಂಬ ಶಿಕ್ಷಣ ವಾಹಿನಿಯ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದವು, ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೂ ಪಾಠ ಪರದೆಯ ಮೂಲಕವೇ ಬಂತು. ಆಗ ಬೇರೆ ದಾರಿ ಇರಲಿಲ್ಲ, ಆ ದಿನಗಳಲ್ಲಿ ನಮ್ಮ ಅಧ್ಯಾಪಕರು ಪಟ್ಟ ಪಾಡು ನನಗೆ ಗೊತ್ತು. ಆದರೆ ಶಾಲೆ ತೆರೆದು ವರ್ಷಗಳಾದರೂ ಅನೇಕ ಕಡೆ ಮನೆಗೆಲಸ, ನೋಟ್ಸು, ನಾಳೆ ತರಬೇಕಾದ ಬಣ್ಣದ ಕಾಗದದ ಪಟ್ಟಿ ಎಲ್ಲವೂ ಈಗಲೂ ರಾತ್ರಿ ಎಂಟರ ಮೇಲೆ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತವೆ. ಅದನ್ನು ನೋಡಿ ಬರೆಯಲೆಂದು ಮಗುವಿನ ಕೈಗೆ ಮೊಬೈಲು ಹೋಗುತ್ತದೆ. ಬರೆದು ಮುಗಿದ ಮೇಲೆ ವಾಪಸು ಬರುವುದಿಲ್ಲ. ಹೀಗೆ ವಾಟ್ಸಾಪಿನಲ್ಲಿ ನೋಟ್ಸು ಕಳುಹಿಸುವುದು ಬೇಡವೆಂದು 2024ರಲ್ಲಿ ಕೇರಳದ ಶಿಕ್ಷಣ ಇಲಾಖೆಯೇ ಹೈಯರ್ ಸೆಕೆಂಡರಿ ಶಾಲೆಗಳಿಗೆ ಸೂಚಿಸಿದೆ. ಅಷ್ಟು ದೊಡ್ಡ ಮಕ್ಕಳಿಗೇ ಬೇಡವಾದದ್ದು ನಾಲ್ಕನೆಯ ತರಗತಿಗೆ ಏಕೆ? ಮನೆಗೆಲಸ ಕರಿಹಲಗೆಯಿಂದ ಮಗುವಿನ ಡೈರಿಗೆ ಇಳಿಯಲಿ, ಗುಂಪಿಗೆ ಬರುವ ಸೂಚನೆಗಳು ಹೆತ್ತವರಿಗೆ ಮಾತ್ರ ಇರಲಿ, ಸಂಜೆ ಶಾಲೆ ಬಿಟ್ಟ ಮೇಲೆ ಮೈದಾನದ ಗೇಟಿಗೆ ಕೂಡಲೇ ಬೀಗ ಹಾಕದೆ ಆರು ಗಂಟೆಯ ತನಕ ತೆರೆದಿಡಿ. ಮೈದಾನದಲ್ಲಿ ನಿಂತು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಹೆತ್ತವರು ಸರದಿಯ ಪ್ರಕಾರ ಬರಬಹುದು; ಆ ಪಟ್ಟಿಯಲ್ಲಿ ಶನಿವಾರಕ್ಕೆ ನನ್ನ ಹೆಸರನ್ನು ಬರೆದುಕೊಳ್ಳಿ. ಉಳಿದ ದಿನಗಳನ್ನು ಈ ಸಭೆ ಮುಗಿಯುವ ಮೊದಲೇ ಹಂಚಿಕೊಳ್ಳುವುದಾದರೆ ಪ್ರಶ್ನೋತ್ತರಕ್ಕೆ ಇಟ್ಟ ಹೊತ್ತಿನಲ್ಲಿ ಹತ್ತು ನಿಮಿಷವನ್ನು ಅದಕ್ಕೆ ಬಿಟ್ಟುಕೊಡುತ್ತೇನೆ.